ನಗಿಸುವ ಹಕ್ಕು ಮತ್ತು ಅಭಿಮಾನದ ವಾರಸುದಾರಿಕೆ: ‘ಘೋಸ್ಟ್‌ಬಸ್ಟರ್ಸ್’ (2016) ಚಿತ್ರಕ್ಕೆ ಬಂದ ಪ್ರತಿಕ್ರಿಯೆಗಳ ಒಂದು ಪರಿಶೀಲನೆ

1

ಕಲಾಕೃತಿಯೊಂದರ ಬಗೆಗಿನ ತೀರ್ಪು ಅದರ ದರ್ಶನಕ್ಕಿಂತ ಮೊದಲೇ ಹೊರಬೀಳುವುದು ವಿಮರ್ಶೆಯ ಇತಿಹಾಸದಲ್ಲಿ ಅಪೂರ್ವವೇನಲ್ಲ. ಆದರೆ ಹಾಗೆ ಹೊರಬಿದ್ದ ತೀರ್ಪು ಲಕ್ಷಾಂತರ ಮತಗಳ ರೂಪದಲ್ಲಿ ಎಣಿಕೆಗೆ ಒಳಗಾಗಿ, ಕೊನೆಗೆ ಆ ಎಣಿಕೆಯೇ ಕೃತಿಯ ಕುರಿತ ಮುಖ್ಯ ಸಂಗತಿಯಾಗಿ ಉಳಿದುಬಿಡುವುದು ಈ ಶತಮಾನದ ವಿದ್ಯಮಾನ. ಪಾಲ್ ಫೀಗ್ ನಿರ್ದೇಶನದಲ್ಲಿ 2016ರ ಜುಲೈ ತಿಂಗಳಲ್ಲಿ ತೆರೆಕಂಡ ‘ಘೋಸ್ಟ್‌ಬಸ್ಟರ್ಸ್’ ಇದಕ್ಕೆ ಒಂದು ಸ್ಪಷ್ಟ ನಿದರ್ಶನ. 1984ರ ಜನಪ್ರಿಯ ಹಾಸ್ಯಚಿತ್ರವೊಂದರ ಮರುಸೃಷ್ಟಿಯಾದ ಈ ಚಿತ್ರದಲ್ಲಿ ನಾಲ್ವರು ಪುರುಷರ ಸ್ಥಾನಕ್ಕೆ ನಾಲ್ವರು ಮಹಿಳೆಯರು ಬಂದರು. ಇದಕ್ಕೆ ಹಳೆಯ ಚಿತ್ರದ ಅಭಿಮಾನಿಗಳಲ್ಲಿ ಒಂದು ವರ್ಗ ತೋರಿದ ರೋಷವು ಚಿತ್ರಕ್ಕಿಂತ ಹೆಚ್ಚು ಚರ್ಚೆಗೆ ಪಾತ್ರವಾಯಿತು.

ಈ ಸಂದರ್ಭದಲ್ಲಿ ‘ಅಭಿಮಾನ’ ಎಂಬ ಪದವನ್ನೇ ಕೊಂಚ ಗಮನಿಸಬೇಕು. ಸಂಸ್ಕೃತದಲ್ಲಿ ಇದಕ್ಕೆ ಗರ್ವ, ಅಹಂಭಾವ ಎಂಬ ಅರ್ಥಗಳಿವೆ. ಕನ್ನಡದ ಬಳಕೆಯಲ್ಲಿ ಪ್ರೀತಿ, ಆದರ, ನಮ್ಮದೆಂಬ ಹೆಮ್ಮೆ ಎಂಬ ಅರ್ಥಗಳು ಮುಂದಾಗಿವೆ. ರಾಜ್‌ಕುಮಾರ್ ಅವರು ಪ್ರೇಕ್ಷಕರನ್ನು ‘ಅಭಿಮಾನಿ ದೇವರು’ಗಳೆಂದು ಕರೆದಾಗ ಈ ಎರಡನೆಯ ಅರ್ಥವೇ ಪೂಜ್ಯತೆಯನ್ನು ಪಡೆಯಿತು. ಒಂದೇ ಪದದೊಳಗೆ ಪ್ರೀತಿಯೂ ಸ್ವತ್ವದ ಗರ್ವವೂ ಕೂಡಿರುವುದರಿಂದ ಪ್ರಸ್ತುತ ಪ್ರಕರಣವನ್ನು ಅರಿಯಲು ಅದು ಒಳ್ಳೆಯ ಸಾಧನವಾಗಬಲ್ಲದು. ಮೆಚ್ಚಿದ ಕೃತಿಯ ಮೇಲಿನ ಪ್ರೀತಿ ಯಾವ ಹಂತದಲ್ಲಿ ಆ ಕೃತಿಯ ಒಡೆತನದ ಹಕ್ಕುಸಾಧನೆಯಾಗುತ್ತದೆ ಎಂಬುದೇ ಇಲ್ಲಿನ ಮೂಲಪ್ರಶ್ನೆ.

2

ಐವಾನ್ ರೈಟ್‌ಮನ್ ನಿರ್ದೇಶಿಸಿದ 1984ರ ಚಿತ್ರಕ್ಕೆ ಡ್ಯಾನ್ ಆಕ್ರಾಯ್ಡ್ ಮತ್ತು ಹೆರಾಲ್ಡ್ ರೇಮಿಸ್ ಚಿತ್ರಕಥೆ ಬರೆದರು. ಅವರಿಬ್ಬರೊಡನೆ ಬಿಲ್ ಮರೀ ಹಾಗೂ ಎರ್ನೀ ಹಡ್ಸನ್ ಮುಖ್ಯ ಪಾತ್ರಗಳಲ್ಲಿದ್ದರು. ವಿಶ್ವವಿದ್ಯಾಲಯದಿಂದ ಹೊರದೂಡಲ್ಪಟ್ಟ ಮೂವರು ಸಂಶೋಧಕರು ನ್ಯೂಯಾರ್ಕಿನ ಹಳೆಯ ಅಗ್ನಿಶಾಮಕ ಠಾಣೆಯೊಂದನ್ನು ಹಿಡಿದು, ದೆವ್ವ ಹಿಡಿಯುವುದನ್ನೇ ಒಂದು ವ್ಯಾಪಾರವನ್ನಾಗಿ ನಡೆಸುತ್ತಾರೆ. ಅಲೌಕಿಕವನ್ನು ಇಲಿ ಹಿಡಿಯುವ ಕೆಲಸದಷ್ಟು ಲೌಕಿಕವಾಗಿ ಕಾಣುವ ಈ ಅಸಂಗತಿಯಲ್ಲಿ ಚಿತ್ರದ ನಗೆಯಿದೆ. ಮರೀ ಅವರ ವೆಂಕ್‌ಮನ್ ಪಾತ್ರದ ನಿರ್ಲಿಪ್ತ ಉಡಾಫೆ ಈ ನಗೆಯ ಕೇಂದ್ರ. ಪರಿಸರ ಇಲಾಖೆಯ ಅಧಿಕಾರಿಯೇ ಖಳನಾಗುವುದರಿಂದ, ಸರ್ಕಾರಿ ನಿಯಂತ್ರಣದ ವಿರುದ್ಧ ಖಾಸಗಿ ಉದ್ಯಮವನ್ನು ಎತ್ತಿಹಿಡಿಯುವ ರೇಗನ್ ಯುಗದ ರಾಜಕಾರಣವನ್ನು ಅನೇಕ ವಿಮರ್ಶಕರು ಈ ಚಿತ್ರದಲ್ಲಿ ಗುರುತಿಸಿದ್ದಾರೆ. ವೆಂಕ್‌ಮನ್ ವಿದ್ಯಾರ್ಥಿನಿಯೊಬ್ಬಳನ್ನು ಒಲಿಸಿಕೊಳ್ಳಲು ಪ್ರಯೋಗದ ಫಲಿತಾಂಶವನ್ನೇ ತಿರುಚುವ ಆರಂಭದ ದೃಶ್ಯವು ಇಂದಿನ ವೀಕ್ಷಕನಿಗೆ ಬೇರೆಯಾಗಿಯೇ ತೋರೀತು.

ಆದರೆ ಅಭಿಮಾನವನ್ನು ಬೆಳೆಸಿದ್ದು ಚಿತ್ರವೊಂದೇ ಅಲ್ಲ. 1986ರಿಂದ 1991ರವರೆಗೆ ಪ್ರಸಾರವಾದ ಅನಿಮೇಷನ್ ಸರಣಿ, 1989ರ ಎರಡನೆಯ ಚಿತ್ರ, ಆಟಿಕೆಗಳು, ರೇ ಪಾರ್ಕರ್ ಜೂನಿಯರ್ ಅವರ ಹಾಡು ಇವೆಲ್ಲ ಸೇರಿ ವಯಸ್ಕರ ಹಾಸ್ಯಚಿತ್ರವೊಂದನ್ನು ಬಾಲ್ಯದ ಪುರಾಣವನ್ನಾಗಿ ಮಾರ್ಪಡಿಸಿದವು. ಆ ಮಕ್ಕಳು 2016ರ ವೇಳೆಗೆ ಮೂವತ್ತು ನಲವತ್ತರ ವಯಸ್ಸಿನ ಗೃಹಸ್ಥರು. ‘ಬಾಲ್ಯವನ್ನು ಹಾಳುಗೆಡವಲಾಯಿತು’ ಎಂಬ ಆಕ್ಷೇಪ ಮತ್ತೆ ಮತ್ತೆ ಕೇಳಿಬಂದುದರ ಹಿನ್ನೆಲೆ ಇದು. ಈ ಭಾವವನ್ನು ವಿಲಿಯಂ ಪ್ರಾಕ್ಟರ್ 2017ರ ತಮ್ಮ ಅಧ್ಯಯನದಲ್ಲಿ ಕುಲಚಿಹ್ನೆಯೊಡನೆ ಇರುವಂಥ ಗತಸ್ಮೃತಿಯ ಬಂಧವಾಗಿ ವಿವರಿಸಿದ್ದಾರೆ. ಕುಲಚಿಹ್ನೆಗೆ ಒದಗಿದ ಬದಲಾವಣೆ ಕುಲಕ್ಕೇ ಒದಗಿದ ಅಪಮಾನವಾಗಿ ಕಾಣುವುದು ಸಹಜ.

3

ಘಟನಾವಳಿಯ ಕಾಲಾನುಕ್ರಮ ಇಲ್ಲಿ ಮುಖ್ಯ. ಮೂಲ ನಟರನ್ನೇ ಒಳಗೊಂಡ ಮೂರನೆಯ ಭಾಗಕ್ಕಾಗಿ ಅಭಿಮಾನಿಗಳು ದಶಕಗಳ ಕಾಲ ಕಾದಿದ್ದರು. 2014ರ ಫೆಬ್ರುವರಿಯಲ್ಲಿ ರೇಮಿಸ್ ನಿಧನರಾದುದರಿಂದ ಆ ನಿರೀಕ್ಷೆ ಮುರಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಫೀಗ್ ಅವರ ಯೋಜನೆ ಪ್ರಕಟವಾಯಿತು. 2015ರ ಜನವರಿಯಲ್ಲಿ ಮೆಲಿಸಾ ಮೆಕಾರ್ಥಿ, ಕ್ರಿಸ್ಟನ್ ವಿಗ್, ಕೇಟ್ ಮೆಕಿನನ್ ಮತ್ತು ಲೆಸ್ಲಿ ಜೋನ್ಸ್ ಅವರ ಹೆಸರುಗಳು ಹೊರಬಂದವು. 2015ರ ಡಿಸೆಂಬರ್‌ನಲ್ಲಿ ಮೂಲಚಿತ್ರವು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹದ ಪಟ್ಟಿಗೆ ಸೇರಿ ಅಭಿಜಾತ ಕೃತಿಯ ಮನ್ನಣೆ ಪಡೆಯಿತು. 2016ರ ಮಾರ್ಚ್ ತಿಂಗಳಲ್ಲಿ ಬಿಡುಗಡೆಯಾದ ಹೊಸ ಚಿತ್ರದ ಟ್ರೇಲರ್ ಯೂಟ್ಯೂಬ್‌ನಲ್ಲಿ ಅಲ್ಲಿಯವರೆಗಿನ ಯಾವ ಚಲನಚಿತ್ರದ ಟ್ರೇಲರಿಗೂ ಬಾರದಷ್ಟು ನಾಪಸಂದಿನ ಮತಗಳನ್ನು ಪಡೆಯಿತು. ಮುಂದೆ ಅವು 10 ಲಕ್ಷವನ್ನು ಮೀರಿದವು.

ಈ ಪ್ರತಿಕ್ರಿಯೆಗಳನ್ನು ಒಂದೇ ರಾಶಿಯೆಂದು ಭಾವಿಸುವುದು ತಪ್ಪಾಗುತ್ತದೆ. ಮರುಸೃಷ್ಟಿಯನ್ನೇ ಒಪ್ಪದವರು, ಮೂಲದ ಕಥೆ ಮುಂದುವರಿಯಬೇಕಿತ್ತೆಂದವರು, ಟ್ರೇಲರಿನ ಹಾಸ್ಯ ಸಪ್ಪೆಯೆಂದವರು, ಮಹಿಳೆಯರು ಈ ಪಾತ್ರಗಳಿಗೆ ಸಲ್ಲರೆಂದವರು, ಜೋನ್ಸ್ ಅವರ ಕಪ್ಪು ವರ್ಣವನ್ನು ಹಳಿದವರು ಹೀಗೆ ಕನಿಷ್ಠ ಐದು ಬಗೆಯ ದನಿಗಳು ಇದ್ದವು. ಮೊದಲ ಮೂರು ವಿಮರ್ಶೆಯ ಪರಿಧಿಗೆ ಒಳಪಡುವಂಥವು. ಕೊನೆಯ ಎರಡು ಪೂರ್ವಗ್ರಹಕ್ಕೆ ಸೇರಿದವು. ಆದರೆ ನಾಪಸಂದಿನ ಗುಂಡಿ ಇವುಗಳ ನಡುವೆ ಭೇದವೆಣಿಸುವುದಿಲ್ಲ. ಕಾರಣಗಳು ಕರಗಿ ಸಂಖ್ಯೆ ಮಾತ್ರ ಉಳಿಯುತ್ತದೆ. ಆ ಸಂಖ್ಯೆಯನ್ನು ವಿರೋಧಿಗಳು ‘ಚಿತ್ರ ಕೆಟ್ಟದ್ದು’ ಎಂಬುದಕ್ಕೂ, ಬೆಂಬಲಿಗರು ‘ವಿರೋಧಿಗಳೆಲ್ಲ ಸ್ತ್ರೀದ್ವೇಷಿಗಳು’ ಎಂಬುದಕ್ಕೂ ಸಾಕ್ಷಿಯಾಗಿ ಬಳಸಿದರು. ಎರಡೂ ಅನುಮಾನಗಳು ಸಾಕ್ಷ್ಯವನ್ನು ಮೀರಿದವು.

ಹಾಗೆಂದು ಲಿಂಗದ ಪ್ರಶ್ನೆ ನಗಣ್ಯವೆನ್ನಲಾಗದು. 1997ರ ‘ಎಕ್ಸ್‌ಟ್ರೀಮ್ ಘೋಸ್ಟ್‌ಬಸ್ಟರ್ಸ್’ ಅನಿಮೇಷನ್ ಸರಣಿಯ ತಂಡದಲ್ಲಿ ಕೈಲಿ ಎಂಬ ಯುವತಿ ಇದ್ದಳು. ತಂಡದಲ್ಲಿ ಹೆಣ್ಣೊಬ್ಬಳು ಇರುವುದು ಹೊಸತಾಗಿರಲಿಲ್ಲ. ತಂಡವೆಲ್ಲ ಹೆಣ್ಣೇ ಆಗಿರುವುದು ಹೊಸತು. ಇದರ ಹಿಂದೆ ಹಾಸ್ಯದ ಬಗೆಗಿನ ಹಳೆಯ ನಂಬಿಕೆಯೊಂದಿದೆ. ಮಹಿಳೆಯರು ಪುರುಷರಷ್ಟು ನಗಿಸಲಾರರೆಂದು ಕ್ರಿಸ್ಟೋಫರ್ ಹಿಚೆನ್ಸ್ 2007ರ ಪ್ರಸಿದ್ಧ ಲೇಖನವೊಂದರಲ್ಲಿ ವಾದಿಸಿದ್ದರು. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವು ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಟು, ಹಾಸ್ಯರಸವು ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಹೆಚ್ಚಾಗಿ ಕಾಣುವುದೆನ್ನುತ್ತದೆ. ಒಂದು ನಿಲುವು ಸ್ತ್ರೀಗೆ ಹಾಸ್ಯವನ್ನು ನಿರಾಕರಿಸಿದರೆ, ಇನ್ನೊಂದು ಹಾಸ್ಯವನ್ನು ನೀಡಿ ಉತ್ತಮ ಪ್ರಕೃತಿಯ ಗಾಂಭೀರ್ಯವನ್ನು ಕಸಿಯುತ್ತದೆ. ಸ್ತ್ರೀಯ ನಗೆ ಎಲ್ಲಿಯೂ ನಿರುಪಾಧಿಕವಾಗಿ ಒಪ್ಪಿತವಾಗಿಲ್ಲವೆಂಬುದು ಇವೆರಡರಿಂದಲೂ ತಿಳಿಯುತ್ತದೆ.

4

ಗದ್ದಲದ ನಡುವೆ ಚಿತ್ರದ ಪಠ್ಯವು ಬಹುಮಟ್ಟಿಗೆ ಅಲಕ್ಷಿತವಾಯಿತು. ಕೇಟಿ ಡಿಪೋಲ್ಡ್ ಮತ್ತು ಫೀಗ್ ಬರೆದ ಈ ಚಿತ್ರಕಥೆಯ ಅಂತರಂಗದಲ್ಲಿರುವುದು ‘ನಂಬದಿರುವಿಕೆ’ಯ ವಸ್ತು. ಎರಿನ್ ಬಾಲ್ಯದಲ್ಲಿ ದೆವ್ವವನ್ನು ಕಂಡುದಾಗಿ ಹೇಳಿದಾಗ ಯಾರೂ ನಂಬುವುದಿಲ್ಲ. ಗೆಳತಿ ಆ್ಯಬಿ ಮಾತ್ರ ನಂಬುತ್ತಾಳೆ. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾಯಂ ಹುದ್ದೆಯನ್ನು ಪಡೆಯಲು ಎರಿನ್ ತಾವಿಬ್ಬರೂ ಸೇರಿ ಬರೆದ ಪುಸ್ತಕವನ್ನೇ ಮರೆಮಾಚಬೇಕಾಗುತ್ತದೆ. 1984ರ ನಾಯಕರು ಮೊದಲು ಅಪನಂಬಿಕೆಗೆ ಗುರಿಯಾದರೂ ಅಂತ್ಯದಲ್ಲಿ ಬೀದಿ ತುಂಬಿದ ಜನರ ಜಯಘೋಷವನ್ನು ಪಡೆಯುತ್ತಾರೆ. 2016ರ ನಾಯಕಿಯರು ನಗರವನ್ನು ಉಳಿಸಿದ ಮೇಲೂ ನಗರಾಡಳಿತ ಅವರನ್ನು ಬಹಿರಂಗವಾಗಿ ಮೋಸಗಾರರೆಂದು ಸಾರಿ, ಗುಟ್ಟಾಗಿ ಬೆಂಬಲಿಸುತ್ತದೆ. ಅವರಿಗೆ ದೊರೆಯುವ ಕೃತಜ್ಞತೆ ಕಟ್ಟಡಗಳ ದೀಪಗಳಲ್ಲಿ ಮಾತ್ರ ಮೂಡುತ್ತದೆ. ಎರಡೂ ಚಿತ್ರಗಳ ನಡುವಿನ ನಿಜವಾದ ಅಂತರ ಇದು.

ಖಳಪಾತ್ರ ರೋವನ್ ಇನ್ನೂ ಅರ್ಥಪೂರ್ಣ. ಹೋಟೆಲೊಂದರ ನೌಕರನಾದ ಈತ ತನ್ನನ್ನು ಲೋಕ ಕಡೆಗಣಿಸಿತೆಂದು ಕುದಿಯುವವನು. ಆತನ ವಿನಾಶದ ಯೋಜನೆಗೆ ಆಧಾರವಾಗುವುದು ಎರಿನ್ ಮತ್ತು ಆ್ಯಬಿ ಬರೆದ ಅದೇ ಪುಸ್ತಕ. ಅಂದರೆ ಆತ ಆ ಕೃತಿಯ ನಿಷ್ಠಾವಂತ ಓದುಗ; ನಿಷ್ಠೆಯಿಂದಲೇ ವಿನಾಶಕ್ಕೆ ಇಳಿದವನು. ಅಭಿಮಾನ ಪದದ ಎರಡೂ ಅರ್ಥಗಳು ಈ ಪಾತ್ರದಲ್ಲಿ ಕೂಡಿವೆ.

ಚಿತ್ರದ ದೋಷಗಳೂ ಗಂಭೀರವಾದವೇ. ಅಂತರ್ಜಾಲದ ನಿಂದೆಯೊಂದನ್ನು ನಾಯಕಿಯರೇ ಓದುವ ದೃಶ್ಯದಂಥ ಕಡೆಗಳಲ್ಲಿ ಚಿತ್ರವು ತನ್ನ ನಿಂದಕರಿಗೆ ಉತ್ತರಿಸಲು ನಿಲ್ಲುತ್ತದೆ. ಉತ್ತರ ಕೊಡಲು ನಿಂತ ನಗೆ ನಿಂದಕನ ಅಧೀನವಾಗುತ್ತದೆ. ಮೂಲಚಿತ್ರದ ನಟರನ್ನು ಸಣ್ಣ ಪಾತ್ರಗಳಲ್ಲಿ ಕರೆತಂದು ಅನುಮತಿ ಬೇಡುವಂತಿರುವ ದೃಶ್ಯಗಳು ಕಥೆಯ ಓಟವನ್ನು ತಡೆಯುತ್ತವೆ. ಸ್ಥಳದಲ್ಲೇ ಕಟ್ಟಿದಂಥ ಮಾತುಗಳು ಅಲ್ಲಲ್ಲಿ ಅಳತೆ ಮೀರಿ, ಮೂಲದ ಮಿತವ್ಯಯದ ನಗೆಗೆ ಎಣೆಯಾಗುವುದಿಲ್ಲ. ಕ್ರಿಸ್ ಹೆಮ್ಸ್‌ವರ್ತ್ ಅಭಿನಯಿಸಿದ ಸುಂದರ, ಮಂದಬುದ್ಧಿಯ ಕಚೇರಿ ಸಹಾಯಕನ ಪಾತ್ರವನ್ನು ಮೂಲದ ಜನೀನ್ ಪಾತ್ರದ ತಿರುವುಮುರುವು ಎನ್ನಲಾಗುತ್ತದೆ. ಇದು ಸರಿಯಲ್ಲ. ಜನೀನ್ ಚುರುಕುಮಾತಿನ ಜಾಣೆ. ಇಲ್ಲಿ ತಿರುಗಿಸಲಾಗಿರುವುದು ಹಾಲಿವುಡ್ ಹಾಸ್ಯದಲ್ಲಿ ರೂಢವಾದ ‘ಚೆಲುವೆಯಾದ ದಡ್ಡ ಸಹಾಯಕಿ’ಯ ಮಾದರಿಯನ್ನು. ತಿರುಗಿಸಿದ ಮಾತ್ರಕ್ಕೆ ಮಾದರಿ ಮುರಿಯುವುದಿಲ್ಲ.

ಪ್ಯಾಟಿಯ ಪಾತ್ರದ ಬಗೆಗಿನ ಆಕ್ಷೇಪ ಹೆಚ್ಚು ಗಟ್ಟಿಯಾದುದು. ಮೂವರು ಬಿಳಿಯ ಮಹಿಳೆಯರು ವಿಜ್ಞಾನಿಗಳಾಗಿರುವಾಗ ಜೋನ್ಸ್ ಅವರ ಪಾತ್ರ ಮಾತ್ರ ಸುರಂಗ ರೈಲ್ವೆಯ ನೌಕರಳು. 1984ರಲ್ಲಿ ಹಡ್ಸನ್ ಅವರ ವಿನ್‌ಸ್ಟನ್ ಪಾತ್ರವೂ ಸಂಬಳಕ್ಕೆ ಬಂದು ಸೇರಿದವನೇ. ಲಿಂಗದ ಶ್ರೇಣಿಯನ್ನು ಪ್ರಶ್ನಿಸಿದ ಚಿತ್ರವು ವರ್ಣದ ಶ್ರೇಣಿಯನ್ನು ಮೂಲದಿಂದ ಹಾಗೆಯೇ ಎತ್ತಿಕೊಂಡಿತು. ಪ್ಯಾಟಿಗೆ ನಗರದ ಚರಿತ್ರೆಯ ಆಳವಾದ ತಿಳಿವಳಿಕೆಯಿರುವುದು ಈ ದೋಷವನ್ನು ತುಸು ತಗ್ಗಿಸುತ್ತದೆಯೇ ಹೊರತು ನೀಗುವುದಿಲ್ಲ. ಇದಕ್ಕೆ ಪ್ರತಿಯಾಗಿ ಮೆಕಿನನ್ ಅವರ ಹೋಲ್ಟ್ಸ್‌ಮನ್ ಪಾತ್ರ ಯಾವ ಪುರುಷಪಾತ್ರದ ನೆರಳೂ ಇಲ್ಲದೆ, ಯಾರಿಗೂ ಉತ್ತರ ಕೊಡದೆ ತನ್ನ ಲೋಕದಲ್ಲಿ ತಾನು ನಗುತ್ತದೆ. ಚಿತ್ರದ ನಿಜವಾದ ಸಾಧನೆ ಅಲ್ಲಿದೆ.

5

2016ರ ಜುಲೈನಲ್ಲಿ ಚಿತ್ರ ತೆರೆಕಂಡ ದಿನಗಳಲ್ಲೇ ಜೋನ್ಸ್ ಅವರ ಮೇಲೆ ಟ್ವಿಟರ್‌ನಲ್ಲಿ ಜನಾಂಗೀಯ ನಿಂದೆಯ ದಾಳಿ ನಡೆದು, ಅವರು ಆ ಮಾಧ್ಯಮವನ್ನು ಕೆಲಕಾಲ ತೊರೆದರು. ದಾಳಿಗೆ ಪ್ರಚೋದನೆ ನೀಡಿದ ಆರೋಪದ ಮೇಲೆ ಮೈಲೋ ಯಿಯಾನೊಪೊಲಸ್ ಅವರ ಖಾತೆಯನ್ನು ಸಂಸ್ಥೆ ಆಗ ನಿಷೇಧಿಸಿತು. ಆಗಸ್ಟ್‌ನಲ್ಲಿ ಜೋನ್ಸ್ ಅವರ ಜಾಲತಾಣಕ್ಕೇ ಕನ್ನ ಹಾಕಲಾಯಿತು. ಪ್ಯಾಟಿಯ ಪಾತ್ರಚಿತ್ರಣದ ದೋಷವನ್ನು ತೋರಿದ ಕಪ್ಪು ಸಮುದಾಯದ ವಿಮರ್ಶಕರಿಗೂ ನಟಿಯನ್ನು ನಿಂದಿಸಿದವರಿಗೂ ಇರುವ ಅಂತರ ಅಗಾಧ. ಭರತನ ವರ್ಗೀಕರಣದಲ್ಲಿ ಸ್ಮಿತದಿಂದ ಅತಿಹಸಿತದವರೆಗೆ ನಗೆಗೆ ಆರು ಮೆಟ್ಟಿಲುಗಳಿವೆ. ಆದರೆ ಹೀಗೆ ನಡೆದ ಅಪಹಾಸ್ಯ ಆ ಯಾವ ಮೆಟ್ಟಿಲಿಗೂ ಸೇರುವಂಥದಲ್ಲ, ಅದು ರಸದ ಹೊರಗಿನದು.

ಸುಮಾರು 14 ಕೋಟಿ 40 ಲಕ್ಷ ಡಾಲರ್ ವೆಚ್ಚದ ಚಿತ್ರ ವಿಶ್ವದಾದ್ಯಂತ ಸುಮಾರು 22 ಕೋಟಿ 90 ಲಕ್ಷ ಡಾಲರ್ ಗಳಿಸಿತು. ಪ್ರಚಾರದ ವೆಚ್ಚ ಮತ್ತು ಚಿತ್ರಮಂದಿರಗಳ ಪಾಲನ್ನು ಕಳೆದರೆ ಇದು ಲಾಭದ ಲೆಕ್ಕವಲ್ಲ. ಮುಂದಿನ ಭಾಗ ಬರಲಿಲ್ಲ. 2019ರ ಜನವರಿಯಲ್ಲಿ ಐವಾನ್ ಅವರ ಮಗ ಜೇಸನ್ ರೈಟ್‌ಮನ್ ಹೊಸ ಚಿತ್ರವನ್ನು ಪ್ರಕಟಿಸಿ, ಅದನ್ನು ಅಭಿಮಾನಿಗಳಿಗೆ ಮರಳಿ ಒಪ್ಪಿಸುವ ಮಾತಾಡಿದರು. ಟೀಕೆ ಬಂದಾಗ ಫೀಗ್ ಅವರ ಚಿತ್ರದ ಬಗೆಗೆ ತಮಗೆ ಗೌರವವಿದೆಯೆಂದು ಸ್ಪಷ್ಟಪಡಿಸಿದರು. 2021ರ ‘ಘೋಸ್ಟ್‌ಬಸ್ಟರ್ಸ್: ಆಫ್ಟರ್‌ಲೈಫ್’ ಮತ್ತು 2024ರ ‘ಫ್ರೋಜನ್ ಎಂಪೈರ್’ 1980ರ ದಶಕದ ಕಥೆಯನ್ನು ಮುಂದುವರಿಸಿದವು, 2016ರ ಕಥಾಲೋಕಕ್ಕೆ ಅವುಗಳಲ್ಲಿ ಸ್ಥಾನವಿಲ್ಲ. 2022ರಲ್ಲಿ ಹೊರಬಂದ ಚಿತ್ರಗಳ ಸಮಗ್ರ ಸಂಪುಟದಲ್ಲಿಯೂ ಫೀಗ್ ಅವರ ಚಿತ್ರ ಇರಲಿಲ್ಲ.

2021ರ ಚಿತ್ರದ ಕೇಂದ್ರದಲ್ಲಿರುವುದು ಫೀಬಿ ಎಂಬ ಹುಡುಗಿ, ವಿಜ್ಞಾನದಲ್ಲಿ ಪ್ರತಿಭಾವಂತೆ. ಆಕೆಯ ವಿರುದ್ಧ 2016ರಂಥ ಪ್ರತಿಭಟನೆ ಏಳಲಿಲ್ಲ. ಹಾಗಾದರೆ ಹಿಂದಿನ ವಿರೋಧ ಹೆಣ್ಣಿನ ವಿರುದ್ಧದ್ದಲ್ಲವೆಂದು ವಾದಿಸಬಹುದು. ಆದರೆ ಫೀಬಿ ಮೂಲ ತಂಡದ ಈಗಾನ್‌ನ ಮೊಮ್ಮಗಳು. ಉಪಕರಣ, ಸಮವಸ್ತ್ರ, ಕಾರು ಎಲ್ಲವೂ ತಾತನಿಂದ ಆಕೆಗೆ ಬರುತ್ತವೆ. ತಾತನ ಪ್ರೇತವೇ ಬಂದು ಆಕೆಯ ಕೈ ಹಿಡಿಯುತ್ತದೆ. ತೆರೆಯ ಹಿಂದೆಯೂ ತಂದೆಯ ಚಿತ್ರವನ್ನು ಮಗ ಮುಂದುವರಿಸುತ್ತಾನೆ. ಎರಿನ್ ಮತ್ತು ಆ್ಯಬಿ ಯಾರ ಮಕ್ಕಳೂ ಮೊಮ್ಮಕ್ಕಳೂ ಅಲ್ಲ. ಅವರ ಉಪಕರಣಗಳು ಅವರದೇ ತಯಾರಿಕೆ. ವಾರಸುದಾರಳಾಗಿ ಬಂದ ಹೆಣ್ಣನ್ನು ಒಪ್ಪಿದ ಅಭಿಮಾನ, ಸ್ವತಂತ್ರಳಾಗಿ ಬಂದ ಹೆಣ್ಣನ್ನು ಒಪ್ಪಲಿಲ್ಲ. ಆಕ್ಷೇಪದ ತಿರುಳು ಹೆಣ್ಣುತನಕ್ಕಿಂತಲೂ ವಂಶಾವಳಿಯಿಲ್ಲದ ಹೆಣ್ಣಿನ ಹಕ್ಕಿನಲ್ಲಿದೆಯೆಂದು ಇದರಿಂದ ತಿಳಿಯಬಹುದು.

6

ಮುಂದಿನ ಸಂಶೋಧಕರಿಗೆ ಈ ಪ್ರಕರಣ ಆಕರಗಳ ಸಮಸ್ಯೆಯನ್ನೂ ಒಡ್ಡುತ್ತದೆ. ಬಿಡುಗಡೆಗೆ ಮುಂಚಿನ ಪ್ರೇಕ್ಷಕ ಅಭಿಪ್ರಾಯಗಳನ್ನು ರಾಟನ್ ಟೊಮೇಟೋಸ್ ತಾಣ 2019ರಲ್ಲಿ ನಿಲ್ಲಿಸಿತು. ಯೂಟ್ಯೂಬ್ ನಾಪಸಂದಿನ ಸಂಖ್ಯೆಯನ್ನು 2021ರ ನವೆಂಬರ್‌ನಲ್ಲಿ ಸಾರ್ವಜನಿಕರಿಂದ ಮರೆಮಾಡಿತು. ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿದ್ದ ಅಂಕಿಯು ಇಂದು ಅಂದಿನ ವರದಿಗಳಲ್ಲಿ ಮಾತ್ರ ದೊರೆಯುತ್ತದೆ. ಎಣಿಕೆಯನ್ನು ನಂಬಿದ ವಿಮರ್ಶೆಗೆ ಎಣಿಕೆ ಮರೆಯಾದ ಮೇಲೆ ನೆಲೆಯಿರದು; ಕೃತಿ ಮಾತ್ರ ಉಳಿದಿರುತ್ತದೆ.

ಈ ವಿವಾದದಲ್ಲಿ ಅತಿ ಹೆಚ್ಚು ನಷ್ಟ ಅನುಭವಿಸಿದ್ದು ವಿಮರ್ಶೆಯೇ. ಚಿತ್ರವನ್ನು ಮೆಚ್ಚುವುದು ಒಂದು ಪಕ್ಷಕ್ಕೂ ಮೆಚ್ಚದಿರುವುದು ಇನ್ನೊಂದು ಪಕ್ಷಕ್ಕೂ ಸಲ್ಲಿಸುವ ಮತವಾದಾಗ, ‘ಇಲ್ಲಿ ಗೆದ್ದಿದೆ, ಇಲ್ಲಿ ಸೋತಿದೆ’ ಎನ್ನುವ ಸಾಮಾನ್ಯ ವಿವೇಕಕ್ಕೆ ಜಾಗ ಉಳಿಯುವುದಿಲ್ಲ. ಸ್ತ್ರೀಪ್ರಧಾನ ಹಾಸ್ಯಕ್ಕೆ ಬೇಕಾಗಿರುವುದು ರಿಯಾಯಿತಿಯಲ್ಲ, ಪುರುಷರ ಹಾಸ್ಯಕ್ಕೆ ಎಂದಿನಿಂದಲೂ ದೊರೆಯುತ್ತಿರುವ ಸಮಾನ ಅಳತೆ: ಸಾಧಾರಣವಾಗಿರುವ ಸ್ವಾತಂತ್ರ್ಯ, ಅಲ್ಲಲ್ಲಿ ಸೋಲುವ ಸ್ವಾತಂತ್ರ್ಯ, ಸೋತರೂ ಇಡೀ ಲಿಂಗದ ಸೋಲೆಂದು ಎಣಿಸಲ್ಪಡದ ಸ್ವಾತಂತ್ರ್ಯ. ಆ ಅಳತೆಯಿಂದ ನೋಡಿದಾಗ 2016ರ ‘ಘೋಸ್ಟ್‌ಬಸ್ಟರ್ಸ್’ ಅಸಮವಾದ, ಆದರೆ ಸ್ವಂತ ವಸ್ತುವುಳ್ಳ ಚಿತ್ರವೆಂದು ಹೇಳಬೇಕಾಗುತ್ತದೆ.