ಗುಹೆಗೆ ಮರಳಿದ ಕಾದಂಬರಿ: 'ಎಣ್ಮಕಜೆ'ಯ ಒಂದು ಮರು ಓದು

ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳ ಕಾದಂಬರಿ 'ಎಣ್ಮಕಜೆ'ಯನ್ನು, ಅದು ಪ್ರಕಟವಾದ 2009ರಿಂದಲೂ, ಎಂಡೋಸಲ್ಫಾನ್ ದುರಂತದ ದಾಖಲೆಯೆಂದೇ ಓದುವ ರೂಢಿಯಿದೆ. ದಾಖಲೆಯ ಗುಣ ಅದಕ್ಕಿರುವುದು ನಿಜ. ಆದರೆ ಆ ಗೌರವದ ನೆರಳಿನಲ್ಲಿ ಕೃತಿ ವಿಮರ್ಶೆಯಿಂದ ತಪ್ಪಿಸಿಕೊಂಡಿದೆ. ನೊಂದವರ ಪರ ನಿಂತ ಪುಸ್ತಕವನ್ನು ಪ್ರಶ್ನಿಸಿದರೆ ನೊಂದವರನ್ನೇ ಪ್ರಶ್ನಿಸಿದಂತಾದೀತೆಂಬ ಸಂಕೋಚ ನಮ್ಮದು. ಕಥೆ ನಡೆಯುವುದು ತುಳು, ಕನ್ನಡ, ಮಲಯಾಳ, ಮರಾಠಿಗಳು ನೆರೆಹೊರೆಯಾಗಿ ಬದುಕುವ ಕಾಸರಗೋಡಿನ ಗಡಿಯಲ್ಲಿ. ಹಾಗಾಗಿ ತಂತ್ರಜ್ಞಾನದ ಅಪಾಯವನ್ನು ಈ ಕೃತಿ ಹೇಗೆ ಗ್ರಹಿಸುತ್ತದೆಂದು ಕೇಳುವ ಹೊಣೆ ನಮಗೂ ಇದೆ.

ಸಮಾಜವನ್ನು ತೊರೆದು ಜಟಾಧಾರಿ ಬೆಟ್ಟ ಸೇರಿದ ಇಬ್ಬರು ತಮ್ಮ ಹೆಸರುಗಳನ್ನೂ ಕಳಚಿಟ್ಟು ಬರಿಯ ಗಂಡಸು, ಹೆಂಗಸು ಆಗಿ ಉಳಿದಿದ್ದಾರೆ. ಮೈಯೆಲ್ಲ ಹುಣ್ಣಾದ ಮಗುವೊಂದು ಅವರ ಆಶ್ರಯಕ್ಕೆ ಬರುತ್ತದೆ. ಆ ಮಗುವಿನ ನಿಮಿತ್ತವಾಗಿ ಅವರು ಮತ್ತೆ ನೀಲಕಂಠನ್ ಮತ್ತು ದೇವಯಾನಿಯಾಗುತ್ತಾರೆ, ಊರಿನ ಸಂಕಟಕ್ಕೆ ಹೆಗಲು ಕೊಡುತ್ತಾರೆ. ಈ ಮರಳುವಿಕೆ ಕೃತಿಯ ಅತ್ಯಂತ ಸತ್ತ್ವಯುತ ಭಾಗ. ಬೇನೆಯನ್ನು ದೈವದ ಮುನಿಸೆಂದು ನಂಬಿದ್ದ ಜನ ಅದರ ಕಾರಣವನ್ನು ಬೇರೆಡೆ ಹುಡುಕತೊಡಗುವ ಪರಿಯನ್ನು ಲೇಖಕರು ಆತುರವಿಲ್ಲದೆ ಚಿತ್ರಿಸಿದ್ದಾರೆ.

ಕೃತಿಯ ಹಿಂದಿನ ವಾಸ್ತವವನ್ನು ಗಮನಿಸಬೇಕು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ 4,000 ಹೆಕ್ಟೇರಿಗೂ ಮಿಕ್ಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯಿತು. ಉದ್ದೇಶ, ಚಿಗುರು ಹೀರುವ ಟೀ ಸೊಳ್ಳೆಯ ನಾಶ. ಮರಗಳ ನೆತ್ತಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲಷ್ಟೇ ಸಿಂಪಡಿಸಬೇಕೆಂಬ ನಿಯಮವೂ ಇತ್ತು. ಗುಡ್ಡ, ತಗ್ಗುಗಳ ಈ ನೆಲದಲ್ಲಿ ಅದು ಪಾಲನೆಯಾಗುವಂಥದಲ್ಲ. ನೀರಿನ ಆಸರೆಗಳನ್ನು ಮುಚ್ಚಿಡಬೇಕೆಂಬುದು ಮತ್ತೊಂದು ನಿಯಮ. ಬಾವಿಯ ಬಾಯಿಗೇನೋ ಸೋಗೆ ಹೊದಿಸಬಹುದು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ಹೊರಬಂದು ತೆರೆದ ಕೆರೆಗೆ ಬೀಳುವ ನೀರಿಗೆ, ಇಡೀ ಊರಿನ ನಡುವೆ ಹರಿಯುವ ತೋಡಿಗೆ ಯಾವ ಮುಚ್ಚಳ? ನಿಯಮ ಬರೆದವರ ಕಲ್ಪನೆಯಲ್ಲಿ ಈ ಊರಿನ ನೀರು ಇರಲೇ ಇಲ್ಲ. ಹೆಕ್ಟೇರಿಗೆ ಎಷ್ಟು ಗೇರುಬೀಜ ಎಂಬ ಲೆಕ್ಕ ಮಾತ್ರ ಇತ್ತು.

ಅಪಾಯದ ಮೊದಲ ಸುಳಿವು ಸಿಕ್ಕಿದ್ದು ದನದ ಹಟ್ಟಿಯಲ್ಲಿ, ಪ್ರಯೋಗಾಲಯದಲ್ಲಲ್ಲ. ಕಾಲು ತಿರುಚಿಕೊಂಡು ಹುಟ್ಟಿದ ಕರುಗಳನ್ನು 1979ರಷ್ಟು ಹಿಂದೆಯೇ ಗಮನಿಸಿ ಬರೆದವರು ಕನ್ನಡದ ಕೃಷಿಕ ಪತ್ರಕರ್ತ ಶ್ರೀ ಪಡ್ರೆ. ಆಮೇಲೆ ಬಂದ ಸಮಿತಿಗಳು ಒಂದರ ಮಾತನ್ನೊಂದು ಅಲ್ಲಗಳೆದವು. ಸಾಬೀತು ಮಾಡುವ ಹೊರೆ ಮಾತ್ರ ಹಾಸಿಗೆ ಹಿಡಿದ ಮಕ್ಕಳ ತಾಯಂದಿರ ಮೇಲೆಯೇ ಉಳಿಯಿತು. ವಿಷಕ್ಕಿಂತ ಈ ತಿರುವುಮುರುವು ನನ್ನನ್ನು ಹೆಚ್ಚು ಕಂಗೆಡಿಸುತ್ತದೆ. ಸಂಶಯದ ಲಾಭ ಮನುಷ್ಯರಿಗೆ ಸಿಗದೆ ರಾಸಾಯನಿಕಕ್ಕೆ ಸಿಕ್ಕಿತು.

ಇಂಥ ನಿರ್ದಿಷ್ಟ ಅನ್ಯಾಯವನ್ನು ಕಾದಂಬರಿ ತನ್ನ ಮುಕ್ತಾಯದಲ್ಲಿ ಕೈಬಿಡುತ್ತದೆ. ನೀಲಕಂಠನ್, ದೇವಯಾನಿ ಇಬ್ಬರೂ ಮನುಷ್ಯಲೋಕಕ್ಕೆ ಬೆನ್ನು ಹಾಕಿ ಪ್ರಾಣಿಗಳೊಂದಿಗೆ ಗುಹೆಯನ್ನು ಸೇರುತ್ತಾರೆ. ಪ್ರತಿಮೆಯಾಗಿ ಅದು ಮನಸ್ಸನ್ನು ಕಲಕುತ್ತದೆ, ಒಪ್ಪುತ್ತೇನೆ. ಆದರೆ ಮನುಷ್ಯಕುಲವೇ ದ್ರೋಹಿಯೆಂದು ತೀರ್ಪಿತ್ತರೆ ಆದೇಶಕ್ಕೆ ಸಹಿ ಹಾಕಿದ ಕೈಗೂ ಸುರಂಗದ ನೀರು ಕುಡಿದ ಬಾಯಿಗೂ ಅಂತರವೇ ಉಳಿಯುವುದಿಲ್ಲ. ತಂತ್ರಜ್ಞಾನವೆಂಬುದು ತಾನಾಗಿ ಬಂದೆರಗಿದ ರಾಕ್ಷಸನಂತೆ ತೋರತೊಡಗುತ್ತದೆ. ಹಳೆಯ ದೈವದ ಮುನಿಸಿನ ಜಾಗಕ್ಕೆ ಹೊಸದೊಂದು ಶಾಪ ಬಂದು ಕೂತಂತೆ! ಜನರನ್ನು ಅಂಥ ನಂಬಿಕೆಯಿಂದ ಬಿಡಿಸಿ ತಂದ ಕೃತಿಯೇ ಕೊನೆಗೆ ಅತ್ತ ವಾಲುವುದು ಅಚ್ಚರಿ. ನಮ್ಮ ವಿಮರ್ಶೆಯೂ 'ಯಂತ್ರನಾಗರಿಕತೆ' ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸುವ ಚಾಳಿಯಿಂದ ಪಾರಾಗಿಲ್ಲ.

ಊರು ಹಿಡಿದ ದಾರಿ ಬೇರೆ. ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಪೆರಿಯದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪರಣೆಗೆ ತಡೆಯಾಜ್ಞೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶಾದ್ಯಂತ ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಹಣ ಕೈಸೇರಲು ತಾಯಂದಿರು ಆಮೇಲೂ ಬೀದಿಗಿಳಿಯಬೇಕಾಯಿತು. ಅರ್ಜಿ, ವೈದ್ಯಕೀಯ ಶಿಬಿರ, ಸಂತ್ರಸ್ತರ ಪಟ್ಟಿ, ಮತ್ತೆ ಅರ್ಜಿ: ಗುಹೆಯ ಭವ್ಯತೆಯಿಲ್ಲದ ಈ ಬೇಸರದ ದಾರಿಯ ಕಾದಂಬರಿ ಇನ್ನೂ ಬರೆಯಲ್ಪಡಬೇಕಾಗಿದೆ, ಅದನ್ನು ಬರೆಯಲು ಎಣ್ಮಕಜೆಯ ಯಾವ ಭಾಷೆಯಾದರೂ ಆದೀತು.