ಪೂರ್ಣಪಂದ್ಯದ ಪಾಲಕರು

ಪಂದ್ಯವೊಂದು ಮುಗಿದ ಮೇಲೆ ಅದರಿಂದ ಲೋಕಕ್ಕೆ ಉಳಿಯುತ್ತಿದ್ದುದು ಬಹುಕಾಲದವರೆಗೆ ಎರಡೇ: ಅಂಕಪಟ್ಟಿ, ಮತ್ತು ಕಂಡವರ ಬಾಯಿಮಾತು. ದೂರದರ್ಶನ ಬಂದ ಮೇಲೆ ಹೈಲೈಟ್ಸ್ ಎಂಬ ಸಂಕ್ಷೇಪಚಿತ್ರ ಮೂರನೆಯದಾಗಿ ಸೇರಿತು. ಈ ಮೂರರಲ್ಲಿ ಯಾವುದೂ ಪಂದ್ಯವಲ್ಲವೆಂದು ನಂಬಿ, ಮೊದಲ ಎಸೆತದಿಂದ ಕಡೆಯ ಎಸೆತದವರೆಗೆ ಇಡಿಯ ಆಟವನ್ನೇ ಹುಡುಕಿ, ಕೂಡಿಸಿ, ಒಬ್ಬರಿಗೊಬ್ಬರು ಹಂಚಿಕೊಳ್ಳುವ ಅಭಿಮಾನಿಗಳ ಬಳಗಗಳು ಅಂತರ್ಜಾಲದಲ್ಲಿ ಬೆಳೆದು ನಿಂತಿವೆ. ಇದನ್ನು ವ್ಯಸನವೆಂದು ಕರೆದವರುಂಟು, ಕಳವೆಂದು ಕರೆದವರೂ ಉಂಟು. ನನಗಾದರೋ ಇದು ಗ್ರಂಥಭಂಡಾರವನ್ನು ಕಟ್ಟುವುದಕ್ಕೆ ಸಮಾನವಾದ ಒಂದು ಸಾಂಸ್ಕೃತಿಕ ಕಾರ್ಯವಾಗಿ ತೋರುತ್ತದೆ. ಆದಕಾರಣವೇ ಅದರ ಗುಣವನ್ನೂ ದೋಷವನ್ನೂ ದಾಕ್ಷಿಣ್ಯವಿಲ್ಲದೆ ತೂಗಿ ನೋಡುವುದು ಉಚಿತ.

ಮೊದಲು ಪೂರ್ಣಪಂದ್ಯವೇ ಏಕೆ ಬೇಕೆಂಬುದು ಸ್ಪಷ್ಟವಾಗಬೇಕು. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ 74 ರನ್ನಿಗೆ ಪಡೆದುದು ಸರ್ವವಿದಿತ. ಆ ಸಾಧನೆಯ ಸಂಕ್ಷೇಪಚಿತ್ರದಲ್ಲಿ ಕಾಣುವುದು ಮುಖ್ಯವಾಗಿ ಹತ್ತು ಎಸೆತ. ಅವರು ಆ ಇನ್ನಿಂಗ್ಸಿನಲ್ಲಿ ಎಸೆದುದು 26.3 ಓವರು, ಎಂದರೆ 159 ಎಸೆತ. ಒಂದು ವಿಕೆಟ್ಟೂ ಬೀಳದೆ ಪಾಕಿಸ್ತಾನ 101 ರನ್ನು ಗಳಿಸಿದ ದೀರ್ಘ ನಿರಾಶೆಯ ಹೊತ್ತು, ಬೌಲಿಂಗಿನ ತುದಿ ಬದಲಾದೊಡನೆ ಆಟದ ಗತಿಯೂ ಬದಲಾದ ಬಗೆ, ಇವು ಸಂಕ್ಷೇಪಕ್ಕೆ ಒಗ್ಗುವಂಥವಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಕುಂಬ್ಳೆಯವರಿಗೆ ಒಂಬತ್ತು ವಿಕೆಟ್ಟುಗಳು ದಕ್ಕಿ ಒಂದೇ ಉಳಿದಿದ್ದಾಗ ಎದುರು ತುದಿಯಿಂದ ಬೌಲ್ ಮಾಡಲು ಬಂದ ಜಾವಗಲ್ ಶ್ರೀನಾಥರು, ಆ ಕೊನೆಯ ವಿಕೆಟ್ ತಮ್ಮ ಪಾಲಿಗೆ ಬಾರದಿರಲೆಂದು, ಚೆಂಡನ್ನು ಆಫ್ ಸ್ಟಂಪಿನಿಂದ ಬಲುದೂರಕ್ಕೆ ಎಸೆದರು. ವಿಕೆಟ್ ತೆಗೆಯುವುದನ್ನೇ ಜೀವನವಿದ್ಯೆಯಾಗಿ ಕಲಿತ ಬೌಲರೊಬ್ಬರು ಆ ವಿದ್ಯೆಯನ್ನು ಒಡನಾಡಿಗಾಗಿ ತಡೆಹಿಡಿದ ಆ ಓವರಿನಲ್ಲಿ, ಅಂಕಪಟ್ಟಿಯ ದೃಷ್ಟಿಯಿಂದ, ಏನೂ ನಡೆಯಲಿಲ್ಲ. ಪಂದ್ಯದ ದೃಷ್ಟಿಯಿಂದ ಅದಕ್ಕಿಂತ ಉದಾತ್ತವಾದುದು ಆ ದಿನ ನಡೆಯಿತೆಂದು ಹೇಳುವುದು ಕಷ್ಟ.

2001ರ ಮಾರ್ಚಿನಲ್ಲಿ ಕೋಲ್ಕತದ ಈಡನ್ ಉದ್ಯಾನದಲ್ಲಿ ಆಸ್ಟ್ರೇಲಿಯದ ಎದುರು ಫಾಲೋಆನ್‌ಗೆ ಸಿಕ್ಕಿದ ಭಾರತದ ಪಾಲಿಗೆ ಲಕ್ಷ್ಮಣ್ ಮತ್ತು ದ್ರಾವಿಡ್ ನಡೆಸಿದ 376 ರನ್ನುಗಳ ಜೊತೆಯಾಟವೂ ಇದೇ ಮಾತನ್ನು ಬೇರೊಂದು ರೀತಿಯಲ್ಲಿ ಸಾರುತ್ತದೆ. ನಾಲ್ಕನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಅವರಿಬ್ಬರೂ ಔಟಾಗಲಿಲ್ಲ. ತಂಡದ ಮೊತ್ತ 254ರಿಂದ 589ಕ್ಕೆ ಏರಿತು. ದ್ರಾವಿಡರ 180 ರನ್ನುಗಳಿಗೆ 353 ಎಸೆತಗಳು ಬೇಕಾದವು. ಅವುಗಳಲ್ಲಿ ಬೌಂಡರಿಯಾದುವು 20. ಸಂಕ್ಷೇಪಚಿತ್ರ ಆ ಇಪ್ಪತ್ತನ್ನು ಆರಿಸಿಕೊಳ್ಳುತ್ತದೆ. ಉಳಿದ 333 ಎಸೆತಗಳನ್ನು ತಡೆದು, ಬಿಟ್ಟು, ಒಂದೆರಡು ರನ್ನಿಗೆ ತಳ್ಳಿ ಎದುರಾಳಿಯ ಸತ್ತ್ವವನ್ನು ಸವೆಸಿದ ತಪಸ್ಸೇ ಆ ಇನ್ನಿಂಗ್ಸಿನ ಆತ್ಮವೆಂಬುದು ಅದರಲ್ಲಿ ತೋರದೆ ಹೋಗುತ್ತದೆ. ಆಟದ ರಸಕ್ಕೆ ಕಾಲವೇ ಆಧಾರ. ಕಾಲವನ್ನು ಕತ್ತರಿಸಿದ ಮೇಲೆ ಉಳಿಯುವುದು ಘಟನೆಗಳ ಪಟ್ಟಿಯೇ ಹೊರತು ಅವುಗಳ ಅನಿವಾರ್ಯತೆಯಲ್ಲ.

ಇಂಥ ಪೂರ್ಣರೂಪವನ್ನು ಕಾಪಾಡಬೇಕಾದವರು ಅದನ್ನು ಚಿತ್ರಿಸಿದ ಸಂಸ್ಥೆಗಳೇ ಎಂದು ನಾವು ಭಾವಿಸುವುದು ಸಹಜ. ಇತಿಹಾಸವಾದರೋ ಆ ಭಾವನೆಗೆ ಬೆಂಬಲ ಕೊಡುವುದಿಲ್ಲ. 1956ರಲ್ಲಿ ಬಳಕೆಗೆ ಬಂದ ಚಿತ್ರಮುದ್ರಣದ ಕಾಂತಪಟ್ಟಿ ಬಹು ದುಬಾರಿಯಾಗಿದ್ದುದರಿಂದ, ಒಂದು ಕಾರ್ಯಕ್ರಮವನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ಮುದ್ರಿಸುವುದು ಪ್ರಸಾರಸಂಸ್ಥೆಗಳ ಸಾಮಾನ್ಯ ಪದ್ಧತಿಯಾಗಿತ್ತು. ಅಮೆರಿಕದ ಮೊದಲ ಸೂಪರ್ ಬೌಲ್ ಪಂದ್ಯವನ್ನು 1967ರ ಜನವರಿ 15ರಂದು ಎರಡು ಸಂಸ್ಥೆಗಳು ಏಕಕಾಲದಲ್ಲಿ ಪ್ರಸಾರ ಮಾಡಿದುವು; ಎರಡೂ ತಮ್ಮ ಮುದ್ರಿಕೆಗಳನ್ನು ಉಳಿಸಿಕೊಳ್ಳಲಿಲ್ಲ. ದಶಕಗಳ ಬಳಿಕ ಬೆಳಕಿಗೆ ಬಂದುದು ಪೆನ್ಸಿಲ್ವೇನಿಯದ ಸಾಮಾನ್ಯ ಪ್ರಜೆಯೊಬ್ಬ ಮುದ್ರಿಸಿಟ್ಟಿದ್ದ ಪ್ರತಿ. ಅದರಲ್ಲಿಯೂ ಕೆಲವು ಭಾಗ ಇಲ್ಲ. 1960ರ ಬೇಸ್‌ಬಾಲ್ ವಿಶ್ವಸರಣಿಯ ಏಳನೆಯ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ತಂಡ ನ್ಯೂಯಾರ್ಕಿನ ಯಾಂಕೀಸರನ್ನು 10–9ರಿಂದ ಸೋಲಿಸಿದ ದೃಶ್ಯವೂ ನಷ್ಟವಾಯಿತೆಂದೇ ಎಲ್ಲರೂ ತಿಳಿದಿದ್ದರು. ಅದರ ಪೂರ್ಣ ಚಲಚ್ಚಿತ್ರಪ್ರತಿ 2009ರಲ್ಲಿ ದೊರೆತುದು ಗಾಯಕ ಬಿಂಗ್ ಕ್ರಾಸ್ಬಿಯ ಮನೆಯ ನೆಲಮಾಳಿಗೆಯಲ್ಲಿ. ಪಿಟ್ಸ್‌ಬರ್ಗ್ ತಂಡದ ಪಾಲುದಾರನೂ ಕಟ್ಟಾ ಅಭಿಮಾನಿಯೂ ಆಗಿದ್ದ ಆತ, ಆಟವನ್ನು ನೇರವಾಗಿ ನೋಡುವ ಧೈರ್ಯ ಸಾಲದೆ ಪ್ಯಾರಿಸಿಗೆ ಹೋಗಿ, ತನಗಾಗಿ ಅದನ್ನು ಚಿತ್ರಿಸಿಡಲು ಏರ್ಪಾಡು ಮಾಡಿದ್ದನು. ಸಂಸ್ಥೆ ಮರೆತುದನ್ನು ಮಮತೆ ಉಳಿಸಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮಮತೆಗೂ ಮಿತಿಯುಂಟು; ಚಿತ್ರಿಸದೆ ಬಿಟ್ಟುದನ್ನು ಯಾವ ಅಭಿಮಾನಿಯೂ ಮರಳಿ ತರಲಾರನು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ಎದುರು 17ಕ್ಕೆ 5 ವಿಕೆಟ್ ಕಳೆದುಕೊಂಡ ಭಾರತವನ್ನು ಕಪಿಲ್ ದೇವ್ ಔಟಾಗದೆ 175 ರನ್ ಹೊಡೆದು ಎತ್ತಿ ನಿಲ್ಲಿಸಿದರು. ನಮ್ಮ ಸಯ್ಯದ್ ಕಿರ್ಮಾನಿಯವರು 24 ರನ್ನುಗಳೊಡನೆ ಮತ್ತೊಂದು ತುದಿಯನ್ನು ಕಾಯ್ದು, ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ರನ್ ಸೇರುವಂತೆ ಮಾಡಿದರು. ಅದರ ದೂರದರ್ಶನ ಮುದ್ರಿಕೆ ಇಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಪಡೆದ ಇನ್ನಿಂಗ್ಸಿನಲ್ಲಿ ಗುಂಡಪ್ಪ ವಿಶ್ವನಾಥರು ಔಟಾಗದೆ ಗಳಿಸಿದ 97, ತಂಡದ ಒಟ್ಟು ಮೊತ್ತವಾದ 190ರ ಅರ್ಧಕ್ಕಿಂತ ಹೆಚ್ಚು. ಮದರಾಸಿಗೆ ದೂರದರ್ಶನ ಕೇಂದ್ರ ಬಂದುದು ಅದೇ ವರ್ಷದ ಆಗಸ್ಟಿನಲ್ಲಿ. ಆ ಇನ್ನಿಂಗ್ಸಿನ ಸ್ಕ್ವೇರ್ ಕಟ್‌ಗಳನ್ನು ಕಾಣಬಯಸುವ ಇಂದಿನ ತರುಣನಿಗೆ ಹಿರಿಯರ ವರ್ಣನೆಯೇ ಗತಿ. ಈ ಎರಡು ಶೂನ್ಯಗಳನ್ನು ಬಲ್ಲವನಿಗೆ, ಮುದ್ರಿತವಾದುದೂ ಕೈತಪ್ಪಿ ಹೋಗಬಾರದೆಂಬ ಸಂಗ್ರಾಹಕರ ಆತಂಕ ಅತಿರೇಕವೆಂದು ತೋರದು.

ಈ ಸಂಗ್ರಾಹಕರ ಕಾರ್ಯ ವಿಸಿಆರ್ ಮನೆಮನೆಗೆ ಬಂದ ಕಾಲದಿಂದ ಬೆಳೆದುದು. ಅಂಚೆಯಲ್ಲಿ ಕ್ಯಾಸೆಟ್ ವಿನಿಮಯ ಮಾಡುತ್ತಿದ್ದವರೇ ಮುಂದೆ ಅವನ್ನು ಗಣಕಕ್ಕೆ ಇಳಿಸಿ ಅಂತರ್ಜಾಲಕ್ಕೆ ಏರಿಸಿದರು. ಮೂರು ಗಂಟೆಯ ಕ್ಯಾಸೆಟ್ ಮುಗಿದು ಇನ್ನೊಂದನ್ನು ಹಾಕುವಷ್ಟರಲ್ಲಿ ತಪ್ಪಿದ ಎಸೆತಗಳನ್ನು ಬೇರೆ ದೇಶದವನ ಪ್ರತಿಯಿಂದ ತಂದು ಜೋಡಿಸುವುದು, ಒಂದು ಪ್ರತಿಯ ಸ್ವಚ್ಛ ಚಿತ್ರಕ್ಕೆ ಇನ್ನೊಂದರ ವೀಕ್ಷಕವಿವರಣೆಯನ್ನು ಹೊಂದಿಸುವುದು ಮೊದಲಾದ ಕೆಲಸಗಳಲ್ಲಿ ಅವರು ತೋರುವ ತಾಳ್ಮೆ, ಹಸ್ತಪ್ರತಿಗಳನ್ನು ತಾಳೆನೋಡಿ ಶುದ್ಧಪಾಠವನ್ನು ಸಿದ್ಧಪಡಿಸುವ ವಿದ್ವಾಂಸರದಕ್ಕಿಂತ ಕಡಿಮೆಯಲ್ಲ. ಸ್ಪೇನಿನಲ್ಲಿ ಹುಟ್ಟಿದ ಫುಟ್‌ಬಾಲಿಯಾ ಎಂಬ ಸಂಗ್ರಹ ಹಳೆಯ ಫುಟ್‌ಬಾಲ್ ಪಂದ್ಯಗಳನ್ನು ಆಟಗಾರ, ತಂಡ, ತರಬೇತುದಾರರ ಹೆಸರುಗಳಿಂದ ಹುಡುಕಲಾಗುವಂತೆ ವರ್ಗೀಕರಿಸಿದೆ. ಶೀರ್ಷಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಬಾರದೆಂದು ಅನೇಕ ಬಳಗಗಳು ತಾವಾಗಿ ವಿಧಿಸಿಕೊಂಡಿರುವ ನಿಯಮವಂತೂ ವಿಶೇಷ ಪ್ರಶಂಸೆಗೆ ಅರ್ಹ: ಹಳೆಯ ಪಂದ್ಯವನ್ನು ಮೊದಲ ಬಾರಿಗೆ ನೋಡುವವನಿಗೆ ಅದರ ಅನಿಶ್ಚಯವೂ ಸಲ್ಲಬೇಕಾದ ಭಾಗವೆಂದು ಅವರು ಅರಿತಿದ್ದಾರೆ.

ಇಷ್ಟು ಗುಣಗಳ ಜೊತೆಗೆ ಗಂಭೀರವಾದ ದೋಷಗಳೂ ಇವೆ. ಪ್ರತಿಯ ಮೂಲವನ್ನು ದಾಖಲಿಸದಿರುವುದು ಅವುಗಳಲ್ಲಿ ಮೊದಲನೆಯದು. ಯಾವ ಪ್ರಸಾರದಿಂದ ತೆಗೆದುದು, ಎಲ್ಲಿ ಕತ್ತರಿಸಿದೆ, ಎಲ್ಲಿ ಜೋಡಿಸಿದೆ ಎಂಬುದನ್ನು ಹೇಳದ ಪ್ರತಿ ಎಷ್ಟೇ ಸುಂದರವಾಗಿದ್ದರೂ ಪ್ರಮಾಣವಾಗಲಾರದು. ಹಳೆಯ ಚೌಕಟ್ಟಿನ ಚಿತ್ರವನ್ನು ಇಂದಿನ ಅಗಲ ಪರದೆಗೆ ಎಳೆದು ಆಟಗಾರರ ಆಕಾರವನ್ನೇ ಕೆಡಿಸುವುದು, ಓವರುಗಳ ನಡುವಣ ಬಿಡುವನ್ನು ಕಸವೆಂದು ಕಿತ್ತು ಫೀಲ್ಡರುಗಳ ಸ್ಥಾನಪಲ್ಲಟವನ್ನು ಮರೆಮಾಡುವುದು, ಹೀಗೆ ಮಾಡಿಯೂ ‘ಪೂರ್ಣ’ವೆಂದು ಹೆಸರಿಡುವುದು, ಪೂರ್ಣತೆಗೆ ಬಗೆದ ದ್ರೋಹವೇ ಸರಿ. ಎರಡನೆಯದು, ಪ್ರೀತಿಯ ಪಕ್ಷಪಾತ: ವಿಶ್ವಕಪ್ಪಿನ ಫೈನಲ್ಲಿಗೆ ಹತ್ತು ಪ್ರತಿ ಸಿಕ್ಕುವಲ್ಲಿ ರಣಜಿ ಪಂದ್ಯಕ್ಕೋ, ಮಹಿಳೆಯರ ಕ್ರಿಕೆಟ್ಟಿಗೋ, ಹಾಕಿಗೋ ಒಂದೂ ಸಿಕ್ಕುವುದು ದುರ್ಲಭ. ಮೂರನೆಯದು ಅಸ್ಥಿರತೆ. ಒಬ್ಬನ ಆಸಕ್ತಿ ತಗ್ಗಿದರೆ, ಒಂದು ಆಕ್ಷೇಪಪತ್ರ ಬಂದರೆ, ವರ್ಷಗಳ ಸಂಗ್ರಹ ರಾತ್ರಿ ಕಳೆಯುವುದರೊಳಗೆ ಇಲ್ಲವಾಗುತ್ತದೆ.

ಹಕ್ಕಿನ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಪ್ರಾಮಾಣಿಕತೆಯಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಅಧಿನಿಯಮ ಪ್ರಸಾರಸಂಸ್ಥೆಗೆ ತನ್ನ ಪ್ರಸಾರದ ಮೇಲೆ, ಅದರ ಮುಂದಿನ ವರ್ಷದ ಆರಂಭದಿಂದ 25 ವರ್ಷಗಳ ಹಕ್ಕನ್ನು ಕೊಟ್ಟಿದೆ. ಚಲಚ್ಚಿತ್ರವೆಂದು ಗಣ್ಯವಾಗುವ ಮುದ್ರಿಕೆಗೆ 60 ವರ್ಷಗಳ ರಕ್ಷಣೆ ಬೇರೆಯೇ ಇದೆ. ಹೀಗಿರಲು ಅಭಿಮಾನಿಗಳ ಹಂಚಿಕೆಯಲ್ಲಿ ಬಹುಪಾಲು ಕಾನೂನಿನ ಆಚೆ ನಿಲ್ಲುತ್ತದೆ. ಇಂದು ನಡೆಯುತ್ತಿರುವ ಪಂದ್ಯವನ್ನು ಕದ್ದು ತೋರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆಟವನ್ನು ಪೋಷಿಸುವ ಹಣ ನೇರಪ್ರಸಾರದಿಂದಲೇ ಬರತಕ್ಕದ್ದು. ಹಕ್ಕುದಾರರು ಮಾರಾಟಕ್ಕೂ ಇಡದೆ, ತೋರಿಸಲೂ ತೋರಿಸದೆ, ಕೋಣೆಯಲ್ಲಿ ಕೊಳೆಯಲು ಬಿಟ್ಟ ಮೂವತ್ತು ವರ್ಷದ ಹಿಂದಿನ ಟೆಸ್ಟ್ ಪಂದ್ಯದ ಮಾತು ಬೇರೆ. ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ, ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದರಲ್ಲಿಯೇ ಸಾರಿತು. ಆ ತರಂಗಗಳ ಮೇಲೆ ಹರಿದುಬಂದ ನೆನಪಿನಲ್ಲಿಯೂ ಸಾರ್ವಜನಿಕರಿಗೆ ಒಂದು ನೈತಿಕ ಪಾಲುಂಟೆಂದು ವಾದಿಸುವುದು ಅಯುಕ್ತವಾಗಲಾರದು.

ಆದುದರಿಂದ ನನ್ನ ತೀರ್ಮಾನ ಹೀಗೆ: ಸಂರಕ್ಷಣೆಯಾಗಿ ಈ ಪದ್ಧತಿ ಶ್ರೇಷ್ಠ, ಸಂಸ್ಥೆಯಾಗಿ ದುರ್ಬಲ. ಅದರ ದೌರ್ಬಲ್ಯಕ್ಕೆ ಅರ್ಧ ಕಾರಣ ಅದು ಮರೆಯಲ್ಲಿ ನಡೆಯಬೇಕಾಗಿರುವುದು. ಅಡಗಿ ಮಾಡುವ ಕೆಲಸದಲ್ಲಿ ಮೂಲದ ದಾಖಲೆಯನ್ನೂ ಶಾಶ್ವತವಾದ ನೆಲೆಯನ್ನೂ ನಿರೀಕ್ಷಿಸುವುದು ಹೇಗೆ? ವಿಶ್ವ ಫುಟ್‌ಬಾಲ್ ಸಂಸ್ಥೆ 2022ರಲ್ಲಿ ತನ್ನ ಹಳೆಯ ವಿಶ್ವಕಪ್ ಪಂದ್ಯಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿತು; ಅದರಿಂದ ಹೊಸ ಪಂದ್ಯಗಳ ಬೆಲೆಯೇನೂ ಕುಗ್ಗಲಿಲ್ಲ. ನಮ್ಮ ಕ್ರಿಕೆಟ್ ಮಂಡಲಿಯೂ ಪ್ರಸಾರ ಭಾರತಿಯೂ ತಮ್ಮಲ್ಲಿರುವುದರ ಪಟ್ಟಿಯನ್ನು ಮೊದಲು ಪ್ರಕಟಿಸಲಿ. ತಮ್ಮಲ್ಲಿಲ್ಲದುದನ್ನು ಅಭಿಮಾನಿಗಳಿಂದ ಗೌರವದಿಂದ ಕೇಳಿ ಪಡೆಯಲಿ, ಕೊಟ್ಟವರ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು ಮಾತು ಕೊಡಲಿ. ಅಭಿಮಾನಿಗಳೂ ಪ್ರತಿಯೊಂದು ಪ್ರತಿಗೆ ಅದರ ಮೂಲವನ್ನೂ ಲೋಪವನ್ನೂ ಬರೆದಿಡುವ ಶಿಸ್ತನ್ನು ಇಂದೇ ಆರಂಭಿಸಲಿ. ಕಾಂತಪಟ್ಟಿಯ ಲೇಪ ವರ್ಷದಿಂದ ವರ್ಷಕ್ಕೆ ಸವೆಯುತ್ತಿದೆ; ಹಕ್ಕು ಯಾರದೆಂಬ ವಿವಾದ ತೀರುವವರೆಗೆ ಅದು ಕಾಯುವುದಿಲ್ಲ.