ಗೋವಿಂದ ಸಿಂಗನ ಮಣ್ಣಿನ ಬೊಂಬೆಗಳು

ನಿಟ್ಟುವಳ್ಳಿಯ ನಮ್ಮ ಮನೆಯ ಅಟ್ಟದ ಮೇಲೆ ಬೆಂಕಿಪೊಟ್ಟಣಗಳಿಂದ ಮಾಡಿದ ಎತ್ತಿನ ಗಾಡಿಯೊಂದಿದೆ. ಹತ್ತಿ ಗಿರಣಿಯ ಗೇಟು ಕಾಯುತ್ತಿದ್ದ ಅಜ್ಜ ನಿವೃತ್ತಿಯಾದ ಮೇಲೆ ಮಾಡಿದ್ದು. ಇಂಥವು ಹತ್ತಾರಿದ್ದವು. "ಏನಜ್ಜ, ಅಂಗಡಿ ಇಡ್ತೀಯೇನು?" ಅಂತ ನಾವು ನಗುತ್ತಿದ್ದೆವು. ಒಂದು ದಿನ ಅಜ್ಜ ಮಾಡುವುದನ್ನೇ ಬಿಟ್ಟ. ಯಾಕೆಂದು ಯಾರೂ ಕೇಳಲಿಲ್ಲ.

ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ನಲ್ಲಿ ಗೋವಿಂದ ಸಿಂಗನ ಕಂತನ್ನು ಮತ್ತೆ ನೋಡುವಾಗ ಆ ಗಾಡಿ ನೆನಪಾಯಿತು. ಆಗುಂಬೆಯಲ್ಲಿ ಚಿತ್ರೀಕರಿಸಿದ ಆ ಧಾರಾವಾಹಿಯನ್ನು ಸಿಟ್‌ಕಾಂ ಎನ್ನಲಾಗದು, ಆದರೂ ಅದರಲ್ಲಿ ನಗು ಧಾರಾಳವಾಗಿದೆ. ಈ ಕಂತಿಗೆ ಮೂಲ ಆರ್.ಕೆ. ನಾರಾಯಣರ ‘ದಿ ಗೇಟ್‌ಮ್ಯಾನ್ಸ್ ಗಿಫ್ಟ್’ ಕಥೆ. ಕಂಪನಿಯೊಂದರ ಗೇಟಿನಲ್ಲಿ 25 ವರ್ಷ ಸಲಾಮು ಹೊಡೆದ ಸಿಂಗ್, ನಿವೃತ್ತಿಯ ನಂತರ ಮಣ್ಣಿನ ಬೊಂಬೆ ಮಾಡತೊಡಗುತ್ತಾನೆ. ಪಿಂಚಣಿ ತರಲು ಹೋದಾಗಲೆಲ್ಲ ಅಕೌಂಟೆಂಟ್ ಮೂಲಕ ದೊಡ್ಡ ಸಾಹೇಬರಿಗೆ ಒಂದೊಂದು ತಲುಪಿಸುತ್ತಾನೆ. ಸಾಹೇಬರಿಗೆ ಇಷ್ಟವಾಯಿತಂತೆ ಎಂಬ ಅಕೌಂಟೆಂಟನ ಮಾತೇ ಅವನಿಗೆ ಸಿಗುವ ವಿಮರ್ಶೆ. ಕೊನೆಗೊಂದು ದಿನ ಕಂಪನಿಯಿಂದ ರಿಜಿಸ್ಟರ್ಡ್ ಪತ್ರ ಬರುತ್ತದೆ. ಅವನು ಒಡೆಯುವುದಿಲ್ಲ. ಒಳಗೇನಿದೆಯೆಂದು ತಿಳಿಯಲು ಎಕ್ಸ್‌ರೇ ತೆಗೆಸಲು ಹೋಗುತ್ತಾನೆ! ಊರವರು ಹುಚ್ಚನೆನ್ನುತ್ತಾರೆ, ಅವನೂ ನಂಬುತ್ತಾನೆ. ಲಕೋಟೆಯಲ್ಲಿದ್ದದ್ದು ಮೆಚ್ಚುಗೆಯ ಮಾತು, 100 ರೂಪಾಯಿಯ ಚೆಕ್.

ಕಲೆ ಮನುಷ್ಯನನ್ನು ಬೆಳೆಸುತ್ತದೆ ಎಂದು ಟೀವಿ ನಮಗೆ ಎಷ್ಟೋ ಸಲ ಹೇಳಿದೆ. ಅಮೆರಿಕದ ‘ದಿ ಆಫೀಸ್’ನ ರಿಸೆಪ್ಷನಿಸ್ಟ್ ಪಾಮ್‌ಳನ್ನೇ ನೋಡಿ. 2007ರ ಒಂದು ಕಂತಿನಲ್ಲಿ ಅವಳ ಚಿತ್ರಪ್ರದರ್ಶನಕ್ಕೆ ಸಹೋದ್ಯೋಗಿಗಳು ಹೆಚ್ಚುಕಡಿಮೆ ಯಾರೂ ಬರುವುದಿಲ್ಲ. ತಡವಾಗಿ ಬರುವ ಬಾಸ್ ಮೈಕಲ್, ಅವಳು ಬರೆದ ಆಫೀಸು ಕಟ್ಟಡದ ಚಿತ್ರವನ್ನು ಕೊಂಡು ಗೋಡೆಗೆ ತೂಗುಹಾಕಿಸುತ್ತಾನೆ. ಮೈಕಲ್ ಮಹಾ ಪೆದ್ದ. ಚಿತ್ರಕಲೆ ಅವನಿಗೆ ಅರ್ಥವಾಗುತ್ತದೆಂದು ನನಗನ್ನಿಸುವುದಿಲ್ಲ. ಆದರೆ ಅವನು ಖುದ್ದಾಗಿ ಬಂದ. ಪಾಮ್ ಮುಂದೆ ಗೋಡೆಚಿತ್ರ ಬರೆಯುವಷ್ಟು ಧೈರ್ಯ ಗಳಿಸಿಕೊಳ್ಳುವುದರ ಬೇರು ಅಲ್ಲಿದೆ.

ಸಿಂಗನ ಸಾಹೇಬರು ಬರಲಿಲ್ಲ. ಬಂದದ್ದು ಲಕೋಟೆ. ಕಂಪನಿಯ ಲಕೋಟೆಯೆಂದರೆ ಕೆಲಸ ಹೋಗುವುದು, ಪಿಂಚಣಿ ನಿಲ್ಲುವುದು ಎಂದಷ್ಟೇ ಬಲ್ಲವನಿಗೆ ಹೊಗಳಿಕೆಯೂ ನೋಟೀಸಿನಂತೆಯೇ ಕಾಣುತ್ತದೆ. ಅವನ ಕೈ ಕಲಾವಿದನದಾಗಿತ್ತು, ಬೆನ್ನು ಮಾತ್ರ ಗೇಟಿನವನದೇ. ಹಾಗಾಗಿ ಇದನ್ನು ಅಮಾಯಕನ ಪೇಚಾಟದ ಕಥೆಯೆಂದು ಓದಿದರೆ ಸಾಲದು. ಸಾಹೇಬರು ಒಳ್ಳೆಯವರು, ಅಕೌಂಟೆಂಟ್ ಒಳ್ಳೆಯವನು, ಯಾರದೂ ತಪ್ಪಿಲ್ಲ. ಆದರೂ ಒಬ್ಬ ಮನುಷ್ಯ ಮುರಿಯುತ್ತಾನೆ. ನಾರಾಯಣರ ಮೆಲುನಗೆ ಇಲ್ಲಿ ನನಗೆ ಸ್ವಲ್ಪ ಕ್ರೂರ ಅನ್ನಿಸುತ್ತದೆ. ಸಿಂಗನ ಭಯಕ್ಕೆ ಕಾರಣವಾದ ವ್ಯವಸ್ಥೆಯನ್ನು ಅವರು ಚಿವುಟುತ್ತಾರೆ, ಹೊಡೆಯುವುದಿಲ್ಲ.

ಚಿಕ್ಕವಳಿದ್ದಾಗ ಚೆಕ್ ಬಂತೆಂದು ಖುಷಿಪಟ್ಟು ಟೀವಿ ಆರಿಸಿದ್ದೆ. ಕಥೆ ಮುಗಿಯುವುದು ಅಲ್ಲಲ್ಲ. ಬುದ್ಧಿ ನೆಟ್ಟಗಾದ ಸಿಂಗ್, ಈ ಬೊಂಬೆ ಮಾಡುವುದು ಬುದ್ಧಿಯಿದ್ದವರ ಕೆಲಸವಲ್ಲವೆಂದು ಮಣ್ಣನ್ನು ಬಿಟ್ಟೇಬಿಡುತ್ತಾನೆ. ಇದನ್ನೇ ಊರು ವಾಸಿಯಾಯಿತು ಎನ್ನುತ್ತದೆ. ಅಜ್ಜ ಗಾಡಿ ಮಾಡುವುದನ್ನು ಬಿಟ್ಟಾಗ ನಮ್ಮ ಮನೆಯಲ್ಲೂ, ಸದ್ಯ, ಕಸ ಕಡಿಮೆಯಾಯಿತು ಎಂದಿದ್ದರು.